ಕೈಯಲ್ಲಿ ಒತ್ತುವ ಮಣ್ಣಿನ ಇಟ್ಟಿಗೆ ಯಂತ್ರ: 14,000 ಇಟ್ಟಿಗೆ ಆದ ಮೇಲೆ ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ಯಂತ್ರದ ರಿವ್ಯೂ. ಚರ್ಚಿನ ಸೇವೆ, ಸಾಕ್ಷಿ ಅಂತ ಓದಲು ಬಂದವರಿಗೆ ನಿರಾಸೆ ಆಗಬಹುದು. ಮಣ್ಣು, ಸಿಮೆಂಟು, ಒಡೆದ ಮೂಲೆ, ಸವೆದ ಪಿನ್ನು, ಇಷ್ಟೇ ಇಲ್ಲಿರುವುದು.

ಉಗಾಂಡಾದ ಉತ್ತರದಲ್ಲಿ, ಕಿಟ್ಗುಮ್ ಪಟ್ಟಣದಿಂದ ಬೋಡಾ ಬೋಡಾದಲ್ಲಿ, ಅಂದರೆ ಬಾಡಿಗೆ ಬೈಕಿನಲ್ಲಿ, ಒಂದೂವರೆ ಗಂಟೆ ಹೋದರೆ ಸಿಗುವ ಹಳ್ಳಿಯೊಂದರಲ್ಲಿ ನಾವು ಪುಟ್ಟ ಮಿಷನ್ ಕೇಂದ್ರ ಕಟ್ಟಿದೆವು. ಒಂದು ಪ್ರಾರ್ಥನಾ ಮಂದಿರ, ಚಿಕ್ಕ ಮಕ್ಕಳಿಗೆ ಒಂದು ಕೋಣೆ, ಹೊಲಿಗೆ ಕಲಿಸಲು ಇನ್ನೊಂದು, ಬಂದವರು ಉಳಿಯಲು ಎರಡು ರೂಮು, ಹಿಂದೆ ಶೌಚಾಲಯ. 2024ರ ನವೆಂಬರ್ ಕೊನೆಗೆ ನಾನು ಹೋದೆ, 2025ರ ಜೂನ್‌ನಲ್ಲಿ ವಾಪಸ್ ಬಂದೆ. ನಾನು ಸಿವಿಲ್ ಡಿಪ್ಲೊಮಾ ಮಾಡಿದವಳು. ಇಪ್ಪತ್ತೆಂಟು ವರ್ಷ ಸೈಟಿನ ಧೂಳು ಕುಡಿದು ನಿವೃತ್ತಿ ಆದವಳು. ಸ್ಥಳೀಯ ಚರ್ಚಿನ ಸಭೆಯವರಿಗೆ ದುಡ್ಡು ಕಡಿಮೆ, ಕೈಗಳು ಜಾಸ್ತಿ. ಲೆಕ್ಕ ಹಾಕಿ ಕಟ್ಟುವವರು ಒಬ್ಬರು ಬೇಕಿತ್ತು. ಹಾಗಾಗಿ ಹೋದೆ.

ಯಂತ್ರ ಅಂದರೆ ಇಂಟರ್‌ಲಾಕಿಂಗ್ ಇಟ್ಟಿಗೆ ಪ್ರೆಸ್. ಕರೆಂಟು ಬೇಡ, ಡೀಸೆಲ್ ಬೇಡ. ಕಬ್ಬಿಣದ ಪೆಟ್ಟಿಗೆ, ಮೇಲೊಂದು ಮುಚ್ಚಳ, ಉದ್ದ ಹಿಡಿಕೆ. ಸ್ವಲ್ಪ ಸಿಮೆಂಟು ಕಲಸಿದ ಮಣ್ಣನ್ನು ಪೆಟ್ಟಿಗೆಗೆ ತುಂಬಿ, ಮುಚ್ಚಳ ಎಳೆದು, ಹಿಡಿಕೆ ಒತ್ತಬೇಕು. ಕೆಳಗಿನ ತಟ್ಟೆ ಮೇಲೆದ್ದು ಮಣ್ಣನ್ನು ಅದುಮುತ್ತದೆ. ಮುಚ್ಚಳ ತೆಗೆದು ಹಿಡಿಕೆಯನ್ನು ಇನ್ನೊಮ್ಮೆ ಎಳೆದರೆ ಇಟ್ಟಿಗೆ ಮೇಲೆ ಬರುತ್ತದೆ. ಇದರ ಅಜ್ಜ ಅನ್ನಬಹುದಾದ ಸಿನ್ವಾ ರಾಮ್ ಅನ್ನುವ ಪ್ರೆಸ್ 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಹುಟ್ಟಿತು. ಇಂದಿನ ಪ್ರೆಸ್‌ನ ಇಟ್ಟಿಗೆಗೆ ಏಣು ಮತ್ತು ಗುಳಿ ಇರುತ್ತದೆ, ಒಂದರ ಮೇಲೊಂದು ಕೂತರೆ ಕಚ್ಚಿಕೊಳ್ಳುತ್ತದೆ. ವ್ಯತ್ಯಾಸ ಅಷ್ಟೇ.

ನಮ್ಮದು ಕಂಪಾಲಾದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೆಳಗೆ ಅವರನ್ನು ಬೈಯುವುದಿದೆ. ತೆರಿಗೆ ಸೇರಿ 52 ಲಕ್ಷ ಶಿಲ್ಲಿಂಗ್ ಆಯಿತು. ಲಕ್ಷ ಅಂದ ಕೂಡಲೇ ಗಾಬರಿ ಬೇಡ, ಉಗಾಂಡಾದಲ್ಲಿ ಒಂದು ಚೀಲ ಸಿಮೆಂಟಿಗೇ 36,000 ಶಿಲ್ಲಿಂಗ್ ಕೊಟ್ಟೆವು. ಆದರೂ ಸಣ್ಣ ಸಭೆಗೆ ಅದು ದೊಡ್ಡ ಮೊತ್ತವೇ. ಕಾರುಮಾದ ಹತ್ತಿರ ನೈಲ್ ನದಿ ದಾಟಿ, ಗುಲು ದಾಟಿ, ಲಾರಿಯ ಹಿಂದೆ ಅಕ್ಕಿ ಮೂಟೆಗಳ ನಡುವೆ ಮಲಗಿ ಬಂತು ಯಂತ್ರ. ಇಳಿಸಲು ನಾಲ್ಕು ಜನ ಬೇಕಾಯಿತು.

ಇಷ್ಟು ದುಡ್ಡು ಯಾಕೆ ಸುರಿಯಬೇಕು, ಸುಟ್ಟ ಇಟ್ಟಿಗೆ ಸಿಗಲ್ವಾ ಅಂತ ಕೇಳಬಹುದು. ಸಿಗುತ್ತದೆ. ಅಲ್ಲಿ ಜವುಗು ಪ್ರದೇಶದ ಮಣ್ಣು ತೆಗೆದು, ಅಚ್ಚಿನಲ್ಲಿ ಬಡಿದು, ಗೂಡು ಕಟ್ಟಿ, ಕೆಳಗೆ ಮರ ತುರುಕಿ ಸುಡುತ್ತಾರೆ. ಒಂದು ಗೂಡಿಗೆ ಎಷ್ಟು ಮರ ಬೇಕು ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಕಡೆ ಶಿಯಾ ಮರಗಳಿವೆ, ಅದರ ಬೀಜದಿಂದ ಎಣ್ಣೆ ತೆಗೆಯುತ್ತಾರೆ. ಅಚೋಲಿ ಭಾಷೆಯಲ್ಲಿ ಆ ಎಣ್ಣೆಗೆ ಮೂ ಯಾ ಅನ್ನುತ್ತಾರೆ. ಹೆಂಗಸರಿಗೆ ಅದೇ ಅಡುಗೆ ಎಣ್ಣೆ, ಅದೇ ಕೈಖರ್ಚಿನ ಕಾಸು. ಆ ಮರ ಇದ್ದಿಲಿಗೂ ಹೋಗುತ್ತಿದೆ, ಗೂಡಿಗೂ ಹೋಗುತ್ತಿದೆ. ಪ್ರಾರ್ಥನಾ ಮಂದಿರ ಕಟ್ಟಲು ಊರ ಹೆಂಗಸರ ಮರ ಸುಡುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಸುಟ್ಟ ಇಟ್ಟಿಗೆಯ ಅಳತೆ ಒಂದೊಂದು ಒಂದೊಂದು ತರ. ಅದನ್ನು ಸರಿದೂಗಿಸಲು ಎರಡು ಮೂರು ಸೆಂಟಿಮೀಟರ್ ದಪ್ಪ ಗಾರೆ ಹಾಕುತ್ತಾರೆ. ಉಳಿಸಿದ ಸಿಮೆಂಟು ಎಲ್ಲ ಅಲ್ಲೇ ಹೋಗುತ್ತದೆ.

ಊರಿನ ಹಿರಿಯರಿಗೆ ಮಾತ್ರ ನಂಬಿಕೆ ಇರಲಿಲ್ಲ. ಸುಡದ ಇಟ್ಟಿಗೆ ಅಂದರೆ ಅವರ ಪಾಲಿಗೆ ಬೇಯದ ಕ್ವೊನ್. ಕ್ವೊನ್ ಅಂದರೆ ಮುದ್ದೆ. ಕ್ವೊನ್ ಕಾಲ್ ಅಂದರೆ ನಮ್ಮ ರಾಗಿ ಮುದ್ದೆಯೇ, ಏನೂ ವ್ಯತ್ಯಾಸ ಇಲ್ಲ. ರಾಗಿ ಮೂಲತಃ ಉಗಾಂಡಾ, ಇಥಿಯೋಪಿಯಾ ಕಡೆಯ ಎತ್ತರದ ನೆಲದ್ದೇ ಅಲ್ವಾ. ಮೊದಲ ದಿನ ಅದನ್ನು ತಟ್ಟೆಯಲ್ಲಿ ಕಂಡಾಗ ನನಗೆ ಕಣ್ಣೀರು ಬರುವುದೊಂದು ಬಾಕಿ. ಪಕ್ಕದಲ್ಲಿ ಶೇಂಗಾ ಹಾಕಿದ ಮಲಕ್ವಾಂಗ್, ಹುಳಿ ಸೊಪ್ಪಿನದು. ಇರಲಿ, ಯಂತ್ರಕ್ಕೆ ಬರೋಣ.

ನಂಬಿಸಲು ನಾನು ಮಾಡಿದ್ದು ಸುಲಭದ ಕೆಲಸ. ಚೆನ್ನಾಗಿ ಒಣಗಿದ ಒಂದು ಇಟ್ಟಿಗೆಯನ್ನು ಭಾನುವಾರ ಎಲ್ಲರ ಎದುರು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಬುಧವಾರ ತೆಗೆದೆ. ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, ಊರಿನಲ್ಲೇ ದಪ್ಪ ಇದ್ದ ಹಿರಿಯರನ್ನು ಮೇಲೆ ನಿಲ್ಲಲು ಹೇಳಿದೆ. ಅವರು ನಿಂತರು. ಆಮೇಲೆ ಸುಮ್ನೆ ಇರಲಾರದೆ ಸ್ವಲ್ಪ ಕುಣಿದರು. ಇಟ್ಟಿಗೆ ಉಳಿಯಿತು, ಮಾತು ಮುಗಿಯಿತು.

ಆದರೆ ಆ ಒಂದು ಇಟ್ಟಿಗೆಯ ಹಿಂದೆ ಬಿಸಾಡಿದ 600 ಇಟ್ಟಿಗೆ ಇದ್ದವು. ಈ ರಿವ್ಯೂದ ಮುಖ್ಯ ಭಾಗ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಯಂತ್ರದ ಜೊತೆ ಬಂದದ್ದು ಒಂದು ಹಾಳೆ. ಅದರಲ್ಲಿ "ಮಣ್ಣು ಮತ್ತು ಸಿಮೆಂಟು ಕಲಸಿ ಒತ್ತಿ" ಅನ್ನುವಷ್ಟೇ ಅರ್ಥ. ಯಾವ ಮಣ್ಣು? ಒಂದು ಮಾತಿಲ್ಲ. ನಮ್ಮ ಜಾಗದ ಪಕ್ಕ ಹಳ್ಳದ ಕಪ್ಪು ಮಣ್ಣು ಇತ್ತು. ಅಗೆಯಲು ಸುಲಭ, ಹತ್ತಿರ. ಹುಡುಗರು ಅದನ್ನೇ ತಂದರು. ನಾನೂ ಸುಮ್ಮನಿದ್ದೆ. ಇಷ್ಟು ವರ್ಷ ಕಾಂಕ್ರೀಟ್ ನೋಡಿದವಳು, ಮಣ್ಣನ್ನು ಮಣ್ಣು ಅಂತಲೇ ಅಂದುಕೊಂಡಿದ್ದೆ. ಒತ್ತಿದಾಗ ಕನ್ನಡಿ ಹಾಗೆ ಬಂತು. ಐದನೇ ದಿನ ಒಂದೊಂದರ ಮೇಲೂ ಬಿರುಕು. ಎಂಟನೇ ದಿನ ಕೈಯಲ್ಲಿ ಎತ್ತಿದರೆ ಎರಡು ತುಂಡು. ಜೇಡಿ ಜಾಸ್ತಿ ಇರುವ ಮಣ್ಣು ಒಣಗುವಾಗ ಕುಗ್ಗುತ್ತದೆ, ಯಾವ ಪ್ರೆಸ್ ಎಷ್ಟೇ ಒತ್ತಿದರೂ ಅದನ್ನು ತಡೆಯಲು ಆಗುವುದಿಲ್ಲ. ಆರು ಚೀಲ ಸಿಮೆಂಟು ಮಣ್ಣುಪಾಲು. ನಿಜವಾಗಿಯೂ ಮಣ್ಣುಪಾಲು.

ಆಗ ನಾನು ಸೋತು ಒಬ್ಬ ತರಬೇತುದಾರಳನ್ನು ಕರೆಸಿದೆ. ಲಿರಾ ಪಟ್ಟಣದ ಕಡೆಯ ಹೆಂಗಸು, ಮೂವತ್ತರ ಆಸುಪಾಸು, ಬೆನ್ನಿಗೆ ಮಗು ಕಟ್ಟಿಕೊಂಡು ಬಂದಳು. ದಿನಕ್ಕೆ 60,000 ಶಿಲ್ಲಿಂಗ್, ಹತ್ತು ದಿನ. ಯಂತ್ರವನ್ನು ಮೊದಲು ಮುಟ್ಟಲೇ ಇಲ್ಲ. ಗುದ್ದಲಿ ತೆಗೆದುಕೊಂಡು ಇಡೀ ಜಾಗ ಸುತ್ತಿದಳು. ಮೂರು ಕಡೆ ಮೊಣಕಾಲುದ್ದ ಗುಂಡಿ ತೆಗೆಸಿ, ಮೇಲಿನ ಬೇರು ಇರುವ ಮಣ್ಣನ್ನು ಬದಿಗೆ ಹಾಕಿಸಿ, ಕೆಳಗಿನ ಕೆಂಪು ಮುರಮ್, ಅಂದರೆ ಗರಸು ಮಣ್ಣು, ಮಾತ್ರ ತೆಗೆದಳು. ಮೂರು ಸೋಡಾ ಬಾಟಲಿಗಳಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟಳು. ಮಾರನೆ ದಿನ ನೋಡಿದರೆ ಕೆಳಗೆ ಮರಳು, ನಡುವೆ ಹೂಳು, ಮೇಲೆ ಜೇಡಿ, ಪದರ ಪದರವಾಗಿ ಕೂತಿತ್ತು. ಆಮೇಲೆ ಅರವತ್ತು ಸೆಂಟಿಮೀಟರ್ ಉದ್ದದ, ನಾಲ್ಕು ಸೆಂಟಿಮೀಟರ್ ಅಗಲ ಆಳದ ಮರದ ಪೆಟ್ಟಿಗೆ ಮಾಡಿಸಿದಳು. ಒದ್ದೆ ಮಣ್ಣು ತುಂಬಿ ಒಣಗಲು ಬಿಟ್ಟಳು. ಒಣಗಿದ ಮಣ್ಣು ಎಷ್ಟು ಕುಗ್ಗಿದೆ ಅಂತ ಅಳೆದು, ಅದರ ಮೇಲೆ ಸಿಮೆಂಟು ಎಷ್ಟು ಅಂತ ಹೇಳಿದಳು. ಜಾಸ್ತಿ ಕುಗ್ಗಿದರೆ ಜಾಸ್ತಿ ಸಿಮೆಂಟು, ಇಲ್ಲವೇ ಮರಳು ಬೆರೆಸಬೇಕು.

ಒಂದು ಗುಂಡಿಯ ಮಣ್ಣಿನಲ್ಲಿ ಮರಳೇ ಮರಳು. ಅದಕ್ಕೆ ಅವಳು ಹೇಳಿದ ಮದ್ದು ಹುತ್ತದ ಮಣ್ಣು. ಆ ಕಡೆ ಆಳುದ್ದದ ಹುತ್ತಗಳಿವೆ. ಅಲ್ಲಿನ ಮಣ್ಣಿನಲ್ಲಿ ಒಳ್ಳೆ ಜೇಡಿ. ಅದನ್ನು ಪುಡಿ ಮಾಡಿ ಸ್ವಲ್ಪ ಬೆರೆಸಿದೆವು. ಗೆದ್ದಲು ನಮಗೆ ಕೆಲಸ ಮಾಡಿಕೊಟ್ಟಿತು ಅನ್ನಬೇಕು. ಇದರಲ್ಲಿ ಒಂದು ತಮಾಷೆಯೂ ಇದೆ. ಕಂಪಾಲಾದ ನಮಿರೆಂಬೆ ಬೆಟ್ಟದ ಮೇಲಿನ ಕ್ಯಾಥೆಡ್ರಲ್ ಕಥೆ ಅಲ್ಲಿಯ ಕಟ್ಟುವವರಿಗೆಲ್ಲ ಗೊತ್ತು. ಹುಲ್ಲು, ಬಿದಿರು, ಮರ ಹಾಕಿ ಕಟ್ಟಿದ ಮೊದಲಿನ ಕಟ್ಟಡಗಳಲ್ಲಿ ಒಂದರ ಚಾವಣಿ 1894ರ ಬಿರುಗಾಳಿಗೆ ಹಾರಿತು. ಅದರ ನಂತರದ್ದನ್ನು ಗೆದ್ದಲು ತಿಂದಿತು. ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದರು, ಹುಲ್ಲಿನ ಚಾವಣಿ ಇತ್ತು, 1910ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಇವತ್ತು ನಿಂತಿರುವುದು ಆಮೇಲೆ ಕಟ್ಟಿದ್ದು. ಗಾಳಿ, ಗೆದ್ದಲು, ಸಿಡಿಲು. ನೂರು ವರ್ಷ ಆದರೂ ನಮ್ಮ ಸೈಟಿನ ಪಟ್ಟಿ ಇದೇ ಮೂರು.

ನೀರಿನ ಪಾಠವೂ ಅವಳದ್ದೇ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ, ಭುಜದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ನಾಲ್ಕೈದು ತುಂಡಾದರೆ ಸರಿ. ಪುಡಿಪುಡಿ ಆದರೆ ನೀರು ಕಡಿಮೆ. ಒಡೆಯದೆ ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ. ಆ ಹತ್ತು ದಿನದ ನಂತರ ನಮ್ಮ ಹುಡುಗರು ಊಟದ ಕ್ವೊನ್ ಉಂಡೆಯನ್ನೂ ಬೀಳಿಸಿ ನೋಡುವ ಮಟ್ಟಕ್ಕೆ ಬಂದಿದ್ದರು. ಸಿಮೆಂಟು ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು, ಹಾಗಾಗಿ ಒಮ್ಮೆಗೆ ಒಂದು ಚಿಕ್ಕ ರಾಶಿ ಮಾತ್ರ ಕಲಸಬೇಕು. ಒತ್ತಿದ ಇಟ್ಟಿಗೆಯನ್ನು ಬಿಸಿಲಿಗೆ ಇಡಬಾರದು. ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹುಲ್ಲು. ಒಂದು ವಾರ ಬೆಳಿಗ್ಗೆ ಸಂಜೆ ನೀರು, ಆಮೇಲೆ ಇನ್ನೂ ಮೂರು ವಾರ ನೆರಳಿನಲ್ಲಿ ಬಿಡಬೇಕು. ಈ ಹದವೇ ಗಟ್ಟಿತನ. ಪ್ರೆಸ್ ಮಾಡುವುದು ಅರ್ಧ ಕೆಲಸ ಅಷ್ಟೇ.

ಯಂತ್ರ ಮಾರಿದವರು ಇದರಲ್ಲಿ ಒಂದು ಮಾತನ್ನಾದರೂ ಹಾಳೆಯಲ್ಲಿ ಬರೆದಿದ್ದರೆ ನನ್ನ ಆರು ಚೀಲ ಉಳಿಯುತ್ತಿತ್ತು. ಫೋನ್ ಮಾಡಿ ಕೇಳಿದೆ. "ಮೇಡಂ, ಮಣ್ಣು ನಿಮ್ಮದು, ಮಷಿನ್ ನಮ್ಮದು" ಅಂದರು. ಒಂದು ನಕ್ಷತ್ರ ಅಲ್ಲೇ ಕಳೆದೆ.

ಇನ್ನು ಯಂತ್ರದ ಗುಣ ದೋಷ.

ಇಟ್ಟಿಗೆ ಅಳತೆ 265 ಮಿಲಿಮೀಟರ್ ಉದ್ದ, 140 ಅಗಲ, 100 ಎತ್ತರ. ಅಂದರೆ ಒಂದು ಚದರ ಮೀಟರ್ ಗೋಡೆಗೆ 38 ಅಂತ ಹಿಡಿದೆ. ಪ್ರಾರ್ಥನಾ ಮಂದಿರ 15 ಮೀಟರ್ ಉದ್ದ, 9 ಮೀಟರ್ ಅಗಲ, ಗೋಡೆ 3 ಮೀಟರ್. ಕಿಟಕಿ ಬಾಗಿಲು ಕಳೆದು, ಎರಡೂ ತುದಿಯ ತ್ರಿಕೋನ ಸೇರಿಸಿ, 5,200 ಇಟ್ಟಿಗೆ. ಉಳಿದ ಕಟ್ಟಡ ಎಲ್ಲ ಸೇರಿ 14,000ದ ಹತ್ತಿರ ಹೋಯಿತು. ಒಂದು ಚೀಲ ಸಿಮೆಂಟಿಗೆ 100 ಇಟ್ಟಿಗೆ ಬಂತು. ಮೊದಲ ವಾರ ದಿನಕ್ಕೆ 120 ಒತ್ತುವಷ್ಟರಲ್ಲಿ ಎಲ್ಲರ ತೋಳು ಬಿದ್ದುಹೋಗುತ್ತಿತ್ತು. ಕೈ ಪಳಗಿದ ಮೇಲೆ ಆರು ಜನ ಸೇರಿ 400, ಒಳ್ಳೆ ದಿನ 450. ಇಬ್ಬರು ಮಣ್ಣು ಜರಡಿ ಹಿಡಿಯಲು, ಇಬ್ಬರು ಕಲಸಲು, ಒಬ್ಬ ಹಿಡಿಕೆಗೆ, ಒಬ್ಬ ಇಟ್ಟಿಗೆ ಹೊತ್ತು ಸಾಲಿಗೆ ಇಡಲು.

ಏಣು ಗುಳಿ ಕೂರುವುದು ಚೆನ್ನಾಗಿದೆ. ಗಾರೆ ತೆಳ್ಳಗೆ ಬಳಿದರೆ ಸಾಕು. ಗೋಡೆ ದಾರ ಹಿಡಿದ ಹಾಗೆ ನೇರ ಏಳುತ್ತದೆ. ಹೊರಗೆ ಪ್ಲಾಸ್ಟರ್ ಕೂಡ ಮಾಡಲಿಲ್ಲ, ಚಾವಣಿಯನ್ನು ಮುಂದಕ್ಕೆ ಚಾಚಿಸಿ ಮಳೆ ತಪ್ಪಿಸಿದೆವು. ಬಿಡಿ ಇಟ್ಟಿಗೆ ಲೆಕ್ಕದಲ್ಲಿ ಇದು ಸುಟ್ಟ ಇಟ್ಟಿಗೆಗಿಂತ ದುಬಾರಿ. ಮುಗಿದ ಗೋಡೆಯ ಲೆಕ್ಕದಲ್ಲಿ ನಮಗೆ ಸುಮಾರು ಐದನೇ ಒಂದು ಭಾಗ ಉಳಿಯಿತು. ಗಾರೆ ಮತ್ತು ಪ್ಲಾಸ್ಟರ್ ಉಳಿಸಿದ್ದೇ ಅದಕ್ಕೆ ಕಾರಣ.

ಒಂದು ಎಚ್ಚರಿಕೆ. 14 ಸೆಂಟಿಮೀಟರ್ ದಪ್ಪದ ಗೋಡೆಯನ್ನು 15 ಮೀಟರ್ ಉದ್ದ ಸುಮ್ನೆ ಎಬ್ಬಿಸಿ ನಿಲ್ಲಿಸಬೇಡಿ. ಕಚ್ಚಿಕೊಂಡಿದೆ ಅಂತ ಧೈರ್ಯ ಬೇಡ. ನಾವು ಮೂರು ಮೂರು ಮೀಟರಿಗೆ ಹೊರಗೆ ಚಾಚಿದ ಕಂಬ ಕಟ್ಟಿದೆವು, ಮೇಲೆ ಗೋಡೆಗಳ ಸುತ್ತ ಕಾಂಕ್ರೀಟಿನ ತೊಲೆ, ಅಂದರೆ ರಿಂಗ್ ಬೀಮ್, ಹಾಕಿದೆವು. ಪಕ್ಕದ ಊರಿನಲ್ಲಿ ಕಂಬ ಇಲ್ಲದೆ ಕಟ್ಟಿದ ಒಂದು ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿರುವುದನ್ನು ನಾನೇ ನೋಡಿದೆ.

ದೋಷಕ್ಕೆ ಬಂದರೆ, ಮೊದಲನೆಯದು ಮುಚ್ಚಳದ ಪಿನ್ನು. ಸುಮಾರು 9,000 ಇಟ್ಟಿಗೆ ಆಗುವಾಗ ಸವೆದು ಅಲ್ಲಾಡಲು ಶುರುವಾಯಿತು. ಇಟ್ಟಿಗೆಯ ಎತ್ತರ ಒಂದು ಬದಿ ಮೂರು ಮಿಲಿಮೀಟರ್ ಜಾಸ್ತಿ ಬರತೊಡಗಿತು. ಗಾರೆ ದಪ್ಪ ಇಲ್ಲದ ಗೋಡೆಯಲ್ಲಿ ಮೂರು ಮಿಲಿಮೀಟರ್ ಅಂದರೆ ಹತ್ತು ಸಾಲಿಗೆ ಮೂರು ಸೆಂಟಿಮೀಟರ್. ಬಿಡಿ ಭಾಗ ಕೇಳಿದರೆ ಮೂರು ವಾರ ಆಗುತ್ತದೆ ಅಂದರು. ಕಿಟ್ಗುಮ್‌ನ ವೆಲ್ಡಿಂಗ್ ಅಂಗಡಿಯ ಹುಡುಗ ಹಳೆಯ ಲಾರಿಯ ಆಕ್ಸಲ್ ತುಂಡಿನಿಂದ ಅರ್ಧ ದಿನದಲ್ಲಿ ಹೊಸ ಪಿನ್ ಕೊರೆದು ಕೊಟ್ಟ. ಅದು ಕೊನೆಯವರೆಗೂ ಅಲ್ಲಾಡಲಿಲ್ಲ. ಕಂಪನಿಯ ಪಿನ್ ಮೆತ್ತಗಿನ ಕಬ್ಬಿಣದ್ದು, ಅಷ್ಟೇ ವಿಷಯ. ಕೊಳ್ಳುವಾಗಲೇ ಎರಡು ಪಿನ್ ಜಾಸ್ತಿ ಕೇಳಿ ತೆಗೆದುಕೊಳ್ಳಿ.

ಎರಡನೆಯದು ಹಿಡಿಕೆ. ಮಣ್ಣು ಜಾಸ್ತಿ ತುಂಬಿ ಇಬ್ಬರು ನೇತಾಡಿದಾಗ ಹಿಡಿಕೆ ಅರ್ಧಕ್ಕೆ ನಿಲ್ಲುತ್ತದೆ. ಒಬ್ಬ ಕೈ ಬಿಟ್ಟರೆ ಚಿಮ್ಮುತ್ತದೆ. ನಮ್ಮ ಒಬ್ಬ ಹುಡುಗನ ಗಲ್ಲ ಸೀಳಿತು, ಐದು ಹೊಲಿಗೆ. ತಡೆಯಲು ಒಂದು ಕೊಕ್ಕೆ ಇರಬೇಕಿತ್ತು, ಇಲ್ಲ. ಆಮೇಲೆ ಮಣ್ಣು ಅಳೆಯಲು ಒಂದು ಡಬ್ಬ ಕತ್ತರಿಸಿ ಮಾಡಿದೆವು. ಒಂದು ಡಬ್ಬ, ಒಂದು ಇಟ್ಟಿಗೆ, ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಅಳತೆ ಸರಿಯಾಯಿತು, ಹಿಡಿಕೆಯೂ ಶಾಂತ ಆಯಿತು.

ಸಂಬಳದ ವಿಷಯ ಯಂತ್ರದ್ದಲ್ಲ, ಆದರೂ ಹೇಳಬೇಕು. ಮೊದಲು ಇಟ್ಟಿಗೆಗೆ ಇಷ್ಟು ಅಂತ ಕೊಟ್ಟೆವು. ಮೂರನೇ ದಿನಕ್ಕೆ ಇಟ್ಟಿಗೆ ಹಗುರ ಆಗಿಬಿಟ್ಟಿತು. ಯಾರದ್ದೂ ಮೋಸ ಅಲ್ಲ, ಬೇಗ ಬೇಗ ಒತ್ತಿದರೆ ದುಡ್ಡು ಜಾಸ್ತಿ, ಅಷ್ಟೇ. ಆಮೇಲೆ ದಿನಕ್ಕೆ 12,000 ಶಿಲ್ಲಿಂಗ್ ಅಂತ ಮಾಡಿದೆವು. ವಾರ ಕಳೆದ ಮೇಲೆ ಒಡೆಯದೆ ಉಳಿದ ಇಟ್ಟಿಗೆ ಎಣಿಸಿ ಅದರ ಮೇಲೆ ಸ್ವಲ್ಪ ಬೋನಸ್. ಅಲ್ಲಿಂದ ಮುಂದೆ ಇಟ್ಟಿಗೆಗೆ ನೀರು ಹಾಕಲು ನಾನು ಯಾರಿಗೂ ಹೇಳಬೇಕಾಗಲಿಲ್ಲ.

ಫೆಬ್ರವರಿಯಲ್ಲಿ ಹೊರದೇಶದ ಒಂದು ಚರ್ಚಿನಿಂದ ಹನ್ನೆರಡು ಜನರ ತಂಡ ಬಂತು, ಹತ್ತು ದಿನಕ್ಕೆ. ಒಳ್ಳೆಯ ಮಕ್ಕಳು. ಯಂತ್ರದ ಜೊತೆ ಫೋಟೋ ತೆಗೆಸಿಕೊಳ್ಳುವ ಆಸೆ ಸ್ವಲ್ಪ ಜಾಸ್ತಿ. ಅವರು ಒತ್ತಿದ 900ರಲ್ಲಿ 300ಕ್ಕೂ ಹೆಚ್ಚು ಮೂಲೆ ಮುರಿದವು. ನಮ್ಮ ಹುಡುಗರು ನಗು ತಡೆದುಕೊಂಡು "ಅಪ್ವೊಯೊ ತಿಚ್" ಅಂದರು, ಅಂದರೆ ಕೆಲಸಕ್ಕೆ ವಂದನೆ. ಅಲ್ಲಿ ಕೆಲಸ ಮಾಡುವವರ ಪಕ್ಕದಲ್ಲಿ ಹಾದು ಹೋಗುವವರೆಲ್ಲ ಹೀಗೆ ಹೇಳುತ್ತಾರೆ. ಮುರಿದವನ್ನು ಪಾಯದ ಒಳಗೆ ತುಂಬಿದೆವು. ತಂಡದಲ್ಲಿ ಒಬ್ಬ ವಯಸ್ಸಾದ ಪ್ಲಂಬರ್ ಇದ್ದರು. ಅವರು ಒಂದು ಫೋಟೋವನ್ನೂ ತೆಗೆಸಲಿಲ್ಲ. ಹತ್ತೂ ದಿನ ಶೌಚಾಲಯದ ಗುಂಡಿ ಮತ್ತು ಮಳೆನೀರಿನ ಪೈಪಿನ ಹತ್ತಿರ ಇದ್ದರು. ಉಳಿದ ಹನ್ನೊಂದು ಜನರ ಬದಲು ಅವರೊಬ್ಬರನ್ನೇ ಒಂದು ತಿಂಗಳು ಕಳಿಸಿದ್ದರೆ ಅಂತ ನನಗೆ ಅನ್ನಿಸಿದ್ದು ನಿಜ.

ಮಳೆನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಂದಿರದ ಚಾವಣಿ 160 ಚದರ ಮೀಟರ್. ಒಂದು ಒಳ್ಳೆ ಮಳೆ 20 ಮಿಲಿಮೀಟರ್ ಬಂದರೆ 3,200 ಲೀಟರ್. ತೊಟ್ಟಿಯನ್ನೂ ಇದೇ ತರದ ಇಟ್ಟಿಗೆಯಲ್ಲಿ ಕಟ್ಟಬಹುದು, ಆದರೆ ಬಾಗಿದ ಇಟ್ಟಿಗೆಗೆ ಬೇರೆ ಅಚ್ಚು ಬೇಕು. ಮಕೆರೆರೆ ವಿಶ್ವವಿದ್ಯಾಲಯದ ಮೋಸೆಸ್ ಮುಸಾಜಿ ಈ ಬಾಗಿದ ಇಟ್ಟಿಗೆಯನ್ನು ರೂಪಿಸಿದವರು. ನಮ್ಮ ಬಜೆಟ್ಟಿಗೆ ಎರಡನೇ ಯಂತ್ರ ಹತ್ತಲಿಲ್ಲ, ಪ್ಲಾಸ್ಟಿಕ್ ತೊಟ್ಟಿ ತಂದೆವು. ಕುಡಿಯಲು ಊರ ಕೊಳವೆಬಾವಿಯ ಕೈಪಂಪು. ಅದನ್ನು ನೋಡಿದ ಕೂಡಲೇ ಗುರುತು ಹಿಡಿದೆ, ಇಂಡಿಯಾ ಮಾರ್ಕ್ 2. ಉಗಾಂಡಾದಲ್ಲಿ ಅದಕ್ಕೆ ಯು2 ಅನ್ನುತ್ತಾರೆ. ಮಹಾರಾಷ್ಟ್ರದ ಜಾಲನಾ, ಸೊಲ್ಲಾಪುರದಲ್ಲಿ ಮಿಷನ್‌ಗಳ ಬಾವಿ ಕೊರೆಯುವವರು ಮಾಡಿದ ಪಂಪುಗಳೇ ಅದರ ಬೇರು. ಪಕ್ಕದಲ್ಲಿದ್ದ ಅಜ್ಜಿಗೆ ಇದು ನಮ್ಮ ಕಡೆಯದು ಅಂದೆ. "ಹಾಗಾದರೆ ನೀನೇ ರಿಪೇರಿ ಮಾಡು" ಅಂದಳು.

ಜಾಗದ ವಿಷಯ ಬೇಗ ಮುಗಿಸುತ್ತೇನೆ. ಅಚೋಲಿ ಕಡೆ ಜಮೀನು ಹೆಚ್ಚಾಗಿ ಕುಲದ್ದು, ಒಬ್ಬರ ಹೆಸರಿನದ್ದಲ್ಲ. ಒಬ್ಬರು ಕೊಟ್ಟೆ ಅಂದರೆ ಸಾಲದು. ಕುಲದ ಹಿರಿಯರು, ಸುತ್ತಲಿನ ಜಮೀನಿನವರು, ಎಲ್‌ಸಿ1 ಅನ್ನುವ ಹಳ್ಳಿ ಮಂಡಳಿಯ ಅಧ್ಯಕ್ಷರು, ಎಲ್ಲರ ಎದುರು ಗಡಿ ನಡೆದು, ಮರ ನೆಟ್ಟು, ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಶಿಬಿರಗಳಲ್ಲಿದ್ದು ವಾಪಸ್ ಬಂದವರ ಊರು ಅದು. ಗಡಿಯ ಜಗಳ ಅಲ್ಲಿ ಸಣ್ಣ ವಿಷಯ ಅಲ್ಲ.

ಚಾವಣಿ ನನ್ನ ನಿದ್ದೆ ಕೆಡಿಸಿದ ಭಾಗ. ಅದನ್ನು ಗುತ್ತಿಗೆ ಕೊಟ್ಟಿದ್ದೆವು. ಆ ಗುತ್ತಿಗೆದಾರನ ಹೆಸರೂ ಬೇಡ. 28 ಗೇಜಿನ ತಗಡು ಅಂತ ಮಾತಾಗಿತ್ತು, ಬಂದದ್ದು 32. ಗೇಜಿನಲ್ಲಿ ನಂಬರ್ ಜಾಸ್ತಿ ಆದರೆ ತಗಡು ತೆಳು, ಇದು ಎಷ್ಟೋ ಸಭೆಗಳವರಿಗೆ ಗೊತ್ತಿರುವುದಿಲ್ಲ. ನಾನು ಬೆರಳಿನಿಂದ ಒತ್ತಿದಾಗ ಡಬ್ಬದ ಹಾಗೆ ಬಗ್ಗಿತು. ಎಲ್ಲ ವಾಪಸ್ ಕಳಿಸಿದೆ, ಎರಡು ವಾರ ಹೋಯಿತು. ಅಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣ ಕಾಲ, ಏಪ್ರಿಲ್‌ಗೆ ಮಳೆ. ಮೊದಲ ಮಳೆಯ ಮುಂಚೆ ಬರುವ ಗಾಳಿ ಮಹಾ ಕೆಟ್ಟದ್ದು. ಪ್ರತಿ ಜಂತಿಯನ್ನೂ ಕಬ್ಬಿಣದ ಪಟ್ಟಿಯಿಂದ ರಿಂಗ್ ಬೀಮಿಗೆ ಕಟ್ಟಿಸಿ ಮುಗಿದ ನಾಲ್ಕನೇ ದಿನ ಗಾಳಿ ಬಂತು. ಪಕ್ಕದ ಅಂಗಡಿಯ ಅರ್ಧ ತಗಡು ನಮ್ಮ ಅಂಗಳಕ್ಕೆ ಬಂದು ಬಿತ್ತು. ನಮ್ಮದು ಕಿರುಗುಟ್ಟಿತು, ಹಾರಲಿಲ್ಲ.

ಸಿಡಿಲಿನ ಬಗ್ಗೆ ನಾನು ಹಠ ಹಿಡಿದೆ. ನಾನು ಹೋಗುವ ಕೆಲವೇ ವಾರ ಮುಂಚೆ, 2024ರ ನವೆಂಬರ್ 2ರಂದು, ಪಕ್ಕದ ಲಾಮ್ವೊ ಜಿಲ್ಲೆಯ ಪಲಾಬೆಕ್ ನಿರಾಶ್ರಿತರ ನೆಲೆಯಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಸಿಡಿಲು ಬಿದ್ದು 14 ಜನ ಸತ್ತಿದ್ದರು. ಅದಕ್ಕೂ ಹಿಂದೆ, 2011ರ ಜೂನ್‌ನಲ್ಲಿ, ಕಿರ್ಯಾಂಡೊಂಗೊದ ರುನ್ಯಾನ್ಯಾ ಪ್ರಾಥಮಿಕ ಶಾಲೆಯಲ್ಲಿ 18 ಮಕ್ಕಳು ಸತ್ತರು. ಆ ಊರುಗಳಲ್ಲಿ ಮಳೆ ಬಂದರೆ ಜನ ಓಡಿ ಬಂದು ಸೇರುವುದು ಚರ್ಚಿಗೆ, ಶಾಲೆಗೆ. ಅಲ್ಲೇ ರಕ್ಷಣೆ ಇಲ್ಲದಿದ್ದರೆ ಹೇಗೆ? ಗೋಪುರಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡನ್ನು ಸಿಡಿಲು ತಡೆಗೆ ಹಾಕಿಸಿದೆ. ತಾಮ್ರ ಹಾಕಿದರೆ ರಾತ್ರೋರಾತ್ರಿ ಕದಿಯುತ್ತಾರೆ ಅಂತ ಎಲ್ಲರೂ ಹೇಳಿದರು, ಹಾಗಾಗಿ ಸತು ಬಳಿದ ಉಕ್ಕಿನ ಪಟ್ಟಿ. ಗೋಪುರ ಇಲ್ಲ ಅಂತ ಇವತ್ತಿಗೂ ಕೆಲವರಿಗೆ ಬೇಸರ ಇದೆ. ಇರಲಿ.

ನಕ್ಷತ್ರ ಕೊಡಬೇಕಲ್ಲ. ಯಂತ್ರಕ್ಕೆ ಐದರಲ್ಲಿ ನಾಲ್ಕು. ಅದನ್ನು ಮಾರಿದವರ ಸೇವೆಗೆ ಎರಡು. ಲಿರಾದ ಆ ಹೆಂಗಸಿಗೆ ಐದೂ ಸಾಲದು. ಒಂದೇ ಕಟ್ಟಡ ಕಟ್ಟುವವರು ಇದನ್ನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ನಮ್ಮ ಹಾಗೆ ಮೂರು ನಾಲ್ಕು ಕಟ್ಟಡ ಇದ್ದರೆ ಕೊಳ್ಳಿ. ತರಬೇತುದಾರರನ್ನು ಯಂತ್ರ ಬರುವ ಮುಂಚೆಯೇ ಕರೆಸಿ, ಅವರು ಮಣ್ಣು ನೋಡಿ ಬೇಡ ಅಂದರೆ ಯಂತ್ರದ ಆಸೆ ಬಿಡಿ.

ಯಂತ್ರವನ್ನು ಸಭೆಯ ಹುಡುಗರಿಗೇ ಬಿಟ್ಟು ಬಂದೆ. ದಿನಕ್ಕೆ ಇಷ್ಟು ಅಂತ ಬಾಡಿಗೆಗೆ ಕೊಡುತ್ತಿದ್ದಾರೆ, ಜೊತೆಗೆ ತಾವೂ ಹೋಗಿ ಮಣ್ಣಿನ ಬಾಟಲಿ ಕುಲುಕಿ ತೋರಿಸುತ್ತಾರಂತೆ. ಈಗ ಇನ್ನೊಂದು ಊರಿನಲ್ಲಿ ಮೂರು ಕೋಣೆಯ ಶಾಲೆಯ ಕೆಲಸ ನಡೆಯುತ್ತಿದೆ. ಗಲ್ಲಕ್ಕೆ ಹೊಲಿಗೆ ಬಿದ್ದಿದ್ದ ಹುಡುಗ ಕಳೆದ ವಾರ ಫೋನ್ ಮಾಡಿದ್ದ. ಆಕ್ಸಲ್ ತುಂಡಿನ ಪಿನ್ ಚೆನ್ನಾಗಿದೆ, ಈಗ ಅದು ಕೂರುವ ತೂತೇ ದೊಡ್ಡದಾಗಿದೆ, ಏನು ಮಾಡಲಿ ಅಂತ. ಒಳಗೆ ಒಂದು ಬುಷ್, ಅಂದರೆ ಲೋಹದ ಪುಟ್ಟ ಕೊಳವೆ, ಹಾಕಿಸು ಅಂದೆ. ಅಳತೆ ಎಷ್ಟು ಅಂದ. ನನ್ನ ಸೈಟ್ ಪುಸ್ತಕ ಹುಡುಕುತ್ತಿದ್ದೇನೆ.